ಡಬ್ಬಿ ಸತ್ತಿಲ್ಲ, ಓಣಿ ಬದಲಾಗೇದ

ಹೋದ ಸಲ ಹುಣಸೀಕಾಯಿ ತೊಕ್ಕಿನ ಬಗ್ಗೆ ಬರದಾಗ ಎಲ್ಲಾರೂ ಛಲೋ ಅಂದ್ರಿ. ಈ ಸಲ ಛಲೋ ಅನ್ನಸ್ಕೊಳ್ಳಿಕ್ಕೆ ಕೂತಿಲ್ಲ, ಜಗಳ ಮಾಡ್ಲಿಕ್ಕೇ ಕೂತೀನಿ. ಜಗಳ ಯಾವುದರ ಮ್ಯಾಲೆ ಅಂದ್ರ ಒಂದು ವಾಕ್ಯದ ಮ್ಯಾಲೆ. ನೀವೂ ಕೇಳೀರಿ ಅದನ್ನ. ಬಾಗಲಾ ತಗದ ಕೂಡ್ಲೆ, ಹೆಗಲಿಗೆ ಚೀಲಾ ಹಾಕ್ಕೊಂಡು ನಿಂತ ಹುಡುಗ ನಮ್ಮ ಮಾರಿ ನೋಡಿ, ನಮ್ಮ ಹಿಂದ ಇಣುಕಿ ಕೇಳ್ತಾನಲಾ, "ಮನ್ಯಾಗ ಯಾರರ ಗಂಡಸೂರು ಅದಾರೇನ್ರಿ?" ಅಂತ, ಆ ವಾಕ್ಯ.

ಗ್ಯಾಸಿನ ಸಿಲಿಂಡರ್ ಹೊತ್ತುಕೊಂಡು ಬಂದವಾ ಹಂಗ ಕೇಳಂಗಿಲ್ಲ. ನೀರಿನ ಬಿಲ್ಲಿನವಾ ಕೇಳಂಗಿಲ್ಲ. ಮಿಕ್ಸರ್ ರಿಪೇರಿಯವಾ ಅಂತೂ ನಮ್ಮನ್ನ ಬಿಟ್ಟು ಬ್ಯಾರೆಯವರ ಜೋಡಿ ಮಾತಾಡಂಗs ಇಲ್ಲ. ಇಂಟರ್ನೆಟ್ಟಿನವಾ ಒಬ್ಬನs ಕೇಳ್ತಾನ. ಅದರ ಪರಿಣಾಮ ಏನು ಆಗ್ಲಿಕ್ಕೆ ಹತ್ತೇದ ಅನ್ನೋದನ್ನ ಇವತ್ತು ಬಿಡಿಸಿ ಹೇಳ್ತೀನಿ. ಸಣ್ಣ ಮಾತಲ್ಲ ಇದು. ಮನಿಮನಿಯೊಳಗ ಹಾಡು ಸಾಯ್ಲಿಕ್ಕೆ ಹತ್ಯಾವ.

ಮೊದಲು ಹಾಡಿನ ಡಬ್ಬಿ ಅಂದ್ರ ಏನು ಅನ್ನೋದನ್ನ ಹೇಳಿ ಬಿಡ್ತೀನಿ, ಯಾಕಂದ್ರ ಎಲ್ಲಾರ ಮನ್ಯಾಗೂ ಅದು ಇಲ್ಲ. ನಮ್ಮ ಪಡಸಾಲಿ ಕಪಾಟಿನ ಕೆಳಗಿನ ಖಣದಾಗ, ಹಳೇ ಟೇಪ್ ರೆಕಾರ್ಡರಿನ ಪಕ್ಕದಾಗ, ಒಂದು ಅಂಗೈ ಅಗಲದ ಸಣ್ಣ ಕಂಪ್ಯೂಟರ್ ಅದ. ರಾಸ್ಪ್‌ಬೆರಿ ಪೈ ಅಂತಾರ ಅದಕ್ಕ. 2012ರಾಗ ಮೊದಲ ಸಲ ಮಾರಾಟಕ್ಕ ಬಂದಿತ್ತು, ಸಾಲಿ ಹುಡುಗೂರಿಗೆ ಕಂಪ್ಯೂಟರ್ ಕಲಸಲಿಕ್ಕೆ ಅಂತ ಮಾಡಿದ್ದು. ಅದಕ್ಕೊಂದು ಹಾರ್ಡ್ ಡಿಸ್ಕ್ ಹಚ್ಚೇದ, ಹಿಂದಿನಿಂದ ಒಂದು ಲ್ಯಾನ್ ವಾಯರ್ ರೌಟರಿಗೆ ಹೋಗೇದ. ಅದಕ್ಕ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ನನ್ನ ಮೈದುನನ ಮಗ ಪುಣೆಕ್ಕ ಹೋಗೋಕಿಂತ ಮೊದಲು ಕೂಡಿಸಿ ಕೊಟ್ಟು ಹೋದಾ. ಫೋನಿನ್ಯಾಗ ಹಾಡು ಆರಿಸಿದ್ರ ಪಡಸಾಲಿ ಸ್ಪೀಕರಿನ್ಯಾಗ, ಇಲ್ಲಾ ಅಡಗೀಮನಿ ಸ್ಪೀಕರಿನ್ಯಾಗ ಕೇಳಸ್ತದ. ಅಷ್ಟs ಅದರ ಕೆಲಸ.

ಆದರ ಆ ಡಿಸ್ಕಿನ್ಯಾಗ ಏನದ? ಮನ್ಸೂರ ಅವರು, ಭೀಮಸೇನ ಜೋಶಿಯವರು, ಗಂಗೂಬಾಯಿ ಹಾನಗಲ್ ಅವರು ಇದ್ದs ಇದ್ದಾರ, ಧಾರವಾಡದ ಮನ್ಯಾಗ ಅವರಿಲ್ಲದ ಹೆಂಗ ನಡೀತದ? ಅವರೆಲ್ಲಾ ಬ್ಯಾರೆ ಕಡೆನೂ ಸಿಗ್ತಾರ. ಬ್ಯಾರೆ ಕಡೆ ಸಿಗದವರು ಅಂದ್ರ ನಮ್ಮ ಅತ್ತಿಯವರು. ಅವರ ಭಜನಾ ಮಂಡಳಿ. 62 ಕ್ಯಾಸೆಟ್ಟು. ಆರತಿ ಹಾಡು, ತೊಟ್ಟಿಲ ಹಾಡು, ಹೆಳವನಕಟ್ಟಿ ಗಿರಿಯಮ್ಮನ ಹಾಡು, ಬೀಗರನ್ನ ಛೇಡಿಸೋ ಹಾಡು, ಉರುಟಣಿ ಹಾಡು. ನಡುವ ಎಲ್ಲೋ ಕುಕ್ಕರ್ ಸೀಟಿ ಹೊಡೀತದ. ಇನ್ನೊಂದು ಕಡೆ ಯಾರೋ "ಆ ಕೂಸನ್ನ ಆಚೆ ಕರ್ಕೊಂಡು ಹೋಗ್ರೆವಾ" ಅಂತ ಬೈತಾರ. ಆ ಕೂಸು ಈಗ ಮೂರು ಮಕ್ಕಳ ತಾಯಿ. ಬೈದಾಕಿ ಇಲ್ಲ. ಹಾಡಿದವರೊಳಗ ಉಳದಾವರು ಇಬ್ಬರs.

ಗಿರಿಯಮ್ಮನ ಹಾಡಿನ ಸಾಹಿತ್ಯ ಪುಸ್ತಕದಾಗ ಸಿಗ್ತದ, ಖರೆ. ಧಾಟಿ ಸಿಗಂಗಿಲ್ಲ. ಧಾಟಿ ಮನಿಗೊಂದು ಇರ್ತದ. ನಮ್ಮ ಅವ್ವನ ಮನಿ ಧಾಟಿ ಬ್ಯಾರೆ, ಅತ್ತಿಯವರ ಮನಿ ಧಾಟಿ ಬ್ಯಾರೆ. ಅದನ್ನ ಯಾವ ಕಂಪನಿನೂ ರೆಕಾರ್ಡ್ ಮಾಡಿಲ್ಲ, ಮಾಡೂದೂ ಇಲ್ಲ. ಹಂಗಾಗಿ "ಎಲ್ಲಾ ಮೊಬೈಲಿನ್ಯಾಗ ಸಿಗ್ತದ, ಈ ಡಬ್ಬಿ ಯಾಕ ಬೇಕು?" ಅನ್ನೋ ಮಾತು ಕೇಳಿದ್ರ ನನಗ ಮೈ ಉರೀತದ. ಎಲ್ಲಾ ಸಿಗಂಗಿಲ್ಲ. ಸಿಗೋದು ಸಿಗ್ತದ. ನಮ್ಮವರು ಹಾಡಿದ್ದು ಸಿಗಂಗಿಲ್ಲ.

ಈಗ ನಮ್ಮ ನಾದಿನಿ ಮನ್ಯಾಗ ನಡದದ್ದು ಕೇಳ್ರಿ. ಆಕಿ ಒಪ್ಪಿಗಿ ತಗೊಂಡೇ ಬರೀತೀನಿ. ಆಕಿ ಮನ್ಯಾಗೂ ಇಂಥಾದ ಡಬ್ಬಿ ಇತ್ತು, ಅತ್ತಿಯವರ ಹಾಡಿನ ಒಂದು ಪ್ರತಿ ಅಲ್ಲಿ, ಜೊತಿಗೆ ಆಕಿ ಮಾವನವರ ಕೀರ್ತನದ ಕ್ಯಾಸೆಟ್ಟು. ಹಳೇ ತಾಮ್ರದ ಲೈನ್ ಬಿಟ್ಟು ಹೊಸಾ ಫೈಬರ್ ಹಾಕಸಿದ್ರು. ಹುಡುಗ ಬಂದಾ, ಗಂಡಸೂರನ್ನ ಕೇಳಿದಾ, ಹೊಸಾ ರೌಟರ್ ಗ್ವಾಡಿಗೆ ಹೊಡದಾ, ಫೋನಿನ್ಯಾಗ ಒಂದು ವಿಡಿಯೋ ಹಚ್ಚಿ ತೋರಿಸಿದಾ, ಹೋದಾ. ಸಂಜೀಕ ಹಾಡು ಹಚ್ಚಲಿಕ್ಕೆ ಹೋದ್ರ ಡಬ್ಬಿ ಕಾಣಸವಲ್ಲದು. ಕಂಪನಿಗೆ ಫೋನ್ ಮಾಡಿದ್ರ "ಅದು ಹಳೇ ಸಾಮಾನ್ರಿ, ಸಪೋರ್ಟ್ ಇಲ್ಲ" ಅಂದ್ರಂತ. ಎರಡು ದಿವಸ ಬಿಟ್ಟು ಅಕ್ಕಪಕ್ಕದ ಒಬ್ಬ ತಿಳದ ಹುಡುಗ ಬಂದು ಡಿಸ್ಕ್ ಬಿಚ್ಚಿ ತನ್ನ ಲ್ಯಾಪ್‌ಟಾಪಿಗೆ ಹಚ್ಚಿದಾ. ಲ್ಯಾಪ್‌ಟಾಪು, ಈ ಡಿಸ್ಕನ್ನ ಬಳಸಬೇಕಂದ್ರ ಮೊದಲು ಫಾರ್ಮ್ಯಾಟ್ ಮಾಡಬೇಕು ಅಂತು. ಆ ಹುಡುಗ ಹೂಂ ಅಂದಾ.

ಮುಗೀತು. ಇಡೀ ಡಿಸ್ಕ್ ತೊಳದಂಗ ಆತು. ಅತ್ತಿಯವರ ಹಾಡಿನ ಪ್ರತಿ ನಮ್ಮ ಕಡೆ ಇತ್ತು, ಮತ್ತ ಕೊಟ್ಟೀನಿ. ಮಾವನವರ ಕೀರ್ತನ ಎಲ್ಲೂ ಇಲ್ಲ. ಕ್ಯಾಸೆಟ್ಟನ್ನ ಡಿಸ್ಕಿಗೆ ಹಾಕಿದ ಮ್ಯಾಲೆ ಮೋಡಕಾದವನಿಗೆ ಕೊಟ್ಟು ಜಾಗಾ ಖಾಲಿ ಮಾಡಿದ್ರು.

ಇದರಾಗ ಸಿಟ್ಟು ಬರೋ ಮಾತು ಯಾವುದು ಗೊತ್ತೇನ್ರಿ? ಆ ಡಿಸ್ಕಿಗೆ ಏನೂ ಆಗಿರಲಿಲ್ಲ. ಡಬ್ಬಿಗೂ ಏನೂ ಆಗಿರಲಿಲ್ಲ. ಈ ಸಣ್ಣ ಕಂಪ್ಯೂಟರುಗಳು ಲಿನಕ್ಸ್ ಅನ್ನೋ ವ್ಯವಸ್ಥೆದಾಗ ನಡೀತಾವ, ಡಿಸ್ಕನ್ನೂ ಬಹುತೇಕ ಅದರ ರೀತಿಯೊಳಗs ಬರದಿಡ್ತಾವ. ವಿಂಡೋಸ್ ಲ್ಯಾಪ್‌ಟಾಪಿಗೆ ಆ ಬರವಣಿಗಿ ಓದ್ಲಿಕ್ಕೆ ಬರಂಗಿಲ್ಲ. ತನಗ ಓದ್ಲಿಕ್ಕೆ ಬರದ್ದನ್ನ ಅದು ಖಾಲಿ ಅಂತ ತಿಳಕೊಂಡು, ಅಳಿಸಿ ಬಿಡಲ್ಯಾ ಅಂತ ಕೇಳ್ತದ. ಮೋಡಿ ಅಕ್ಷರ ಓದ್ಲಿಕ್ಕೆ ಬರಲಾರದವರು ಅಜ್ಜನ ಕಾಗದಪತ್ರ ಒಲಿಗೆ ಹಾಕಿಧಂಗ. ಹಾಡಿನ ಡಿಸ್ಕು ಎಂದೂ ಯಾರದರ ಲ್ಯಾಪ್‌ಟಾಪಿಗೆ ಹಚ್ಚಿದಾಗ ಫಾರ್ಮ್ಯಾಟ್ ಅನ್ನೋ ಶಬ್ದ ಕಂಡ್ರ, ಬ್ಯಾಡ ಅಂತ ಒತ್ತಿ ವಾಯರ್ ತಗೀರಿ. ಉಳದದ್ದೆಲ್ಲಾ ಮರತ್ರೂ ನಡೀತದ, ಇದೊಂದು ನೆನಪಿಟ್ಕೊಳ್ರಿ.

ಹಂಗಾದ್ರ ಡಬ್ಬಿ ಯಾಕ ಕಾಣಸಲಿಲ್ಲ? ಇದು ಅಡಗೀಮನಿಯೊಳಗ ನಿಂತು ಹೇಳಬಹುದಾದಷ್ಟು ಸರಳ ಅದ. ಮನಿಯೊಳಗಿನ ಪ್ರತಿಯೊಂದು ಸಾಮಾನಿಗೂ, ಫೋನು, ಟೀವಿ, ಡಬ್ಬಿ ಎಲ್ಲಾಕ್ಕೂ, ರೌಟರು ಒಂದು ವಿಳಾಸ ಕೊಡ್ತದ. ನಾಲ್ಕು ಅಂಕಿ, ನಡುವ ಚುಕ್ಕಿ. 192.168.1.50 ಅಂತ ಇರ್ತದ ನೋಡ್ರಿ. ಸಾಮಾನ್ಯ ಮನ್ಯಾಗ ಮೊದಲಿನ ಮೂರು ಅಂಕಿ ಓಣಿ ಇದ್ದಂಗ, ಕಡೀ ಅಂಕಿ ಮನಿ ನಂಬರ್ ಇದ್ದಂಗ. ಒಂದs ಓಣ್ಯಾಗ ಇದ್ದವರು ಒಬ್ಬರನ್ನೊಬ್ಬರು ಕೂಗಿ ಮಾತಾಡಸ್ತಾರ. ಬ್ಯಾರೆ ಓಣ್ಯಾಗ ಇದ್ದವರಿಗೆ ಕೂಗು ಕೇಳಸಂಗಿಲ್ಲ. ಇವು ಮನಿ ಒಳಗಿನ ಖಾಸಗಿ ವಿಳಾಸ. 1996ರಾಗ ಇಂಟರ್ನೆಟ್ಟಿನ ಹಿರಿಯರು ಇಂಥಾ ಅಂಕಿಗಳನ್ನ ಖಾಸಗಿ ಬಳಕಿಗೆ ಅಂತ ತಗದಿಟ್ಟು ಬರದಾರ. ನಿಮ್ಮ ಮನ್ಯಾಗೂ ನಮ್ಮ ಮನ್ಯಾಗೂ ಅದs ಅಂಕಿ ಇದ್ರೂ ತೊಂದ್ರಿ ಇಲ್ಲ. ಎಲ್ಲಾರ ಮನ್ಯಾಗೂ ಒಂದು ಸಾಸಿವಿ ಡಬ್ಬಿ ಇರ್ತದಲಾ, ಹಂಗ.

ನಮ್ಮ ಹಳೇ ರೌಟರಿನ ಓಣಿ 192.168.1. ಹೊಸಾ ರೌಟರಿನ ಓಣಿ 192.168.0. ಫೋನು, ಟೀವಿ ಇವೆಲ್ಲಾ ರೌಟರ್ ಏನು ವಿಳಾಸ ಕೊಟ್ರೂ ಹೂಂ ಅಂತ ತಗೋತಾವ, ಹಂಗಾಗಿ ಹೊಸಾ ಓಣಿಗೆ ಹೊಂದ್ಕೋತಾವ. ಹಾಡಿನ ಡಬ್ಬಿಗೆ ಮಾತ್ರ ಕೂಡಿಸಿದವರು ವಿಳಾಸ ಗಟ್ಟಿ ಮಾಡಿ ಇಟ್ಟಿರ್ತಾರ. ದಿನಾ ಬದಲಾದ್ರ ಹುಡುಕೋದು ಕಷ್ಟ ಅಂತ, 192.168.1.50 ಅಂತ ಡಬ್ಬಿಯೊಳಗs ಬರದಿರ್ತಾರ. ರೌಟರ್ ಬದಲಾತು, ಓಣಿ ಬದಲಾತು, ಡಬ್ಬಿ ಮಾತ್ರ ಇನ್ನೂ ಹಳೇ ಓಣಿ ಹೆಸರು ಹೇಳ್ಕೋತ ಕೂತದ. ಪಾಪ, ಹಾಡು ಹಿಡಕೊಂಡು ಕೂತದ, ಯಾರೂ ಕೂಗವಲ್ಲರು. ಇಷ್ಟs ರೋಗ. ಇದಕ್ಕ "ಸಪೋರ್ಟ್ ಇಲ್ಲ" ಅಂದ್ರು ನೋಡ್ರಿ, ಓಣಿ ಹೆಸರು ಬದಲಾದದ್ದಕ್ಕ ಮನಿ ಕೆಡವಿಧಂಗ.

ನಮ್ಮ ಮನ್ಯಾಗೂ ಹಿಂಗs ಆತು. ಬಂದ ಹುಡುಗ ಮೊದಲು ಡಬ್ಬಿಯ ವಾಯರ್ ಕಿತ್ತು ನೆಲಕ್ಕ ಬಿಟ್ಟಾ. "ತಮ್ಮಾ, ಅದನ್ನೂ ಹಚ್ಚಪಾ" ಅಂದೆ. "ಸರ್ ಬರ್ಲಿ ಬಿಡ್ರಿ ಮೇಡಂ" ಅಂದಾ. ಸರ್ ಅಂದ್ರ ನಮ್ಮ ಮನಿಯವರು. ಅವರಿಗೆ ಡಬ್ಬಿಯ ಪಾಸ್‌ವರ್ಡ್ ಅಂತೂ ಇರ್ಲಿ, ಅದು ಯಾವ ಖಣದಾಗ ಅದ ಅನ್ನೋದೂ ಗೊತ್ತಿಲ್ಲ. ಅದಕ್ಕ ನಾನು ಅವರನ್ನ ಬೈಯಂಗಿಲ್ಲ; ಅವರಿಗೆ ಕ್ರಿಕೆಟ್ ಕೇಳಿದ್ರ ಸಾಕು. ಆದರ ಗೊತ್ತಿಲ್ಲದವರನ್ನ ಕಾಯ್ರಿ, ಗೊತ್ತಿದ್ದಾಕಿನ್ನ ಕೇಳಬ್ಯಾಡ್ರಿ ಅನ್ನೋದು ಯಾವ ನ್ಯಾಯ?

ಅವಾ ಹೋದ ಮ್ಯಾಲೆ ನಾನs ವಾಯರ್ ಹಚ್ಚಿದೆ. ಇಲ್ಲೊಂದು ಸೂಕ್ಷ್ಮ ಅದ. ಹೊಸಾ ಫೈಬರ್ ಡಬ್ಬಿಯ ಹಿಂದ ಒಂದs ಬಗಿ ಕಾಣೋ ಭಾಳ ತೂತು ಇರ್ತಾವ. ಲ್ಯಾನ್ ಅಂತ ಬರದದ್ದು ನಮ್ಮದು. ಟೆಲ್ ಇಲ್ಲಾ ಫೋನ್ ಅಂತ ಬರದದ್ದು ಸ್ವಲ್ಪ ಸಣ್ಣದು, ಟೆಲಿಫೋನಿಗೆ. ಡಬ್ಲ್ಯುಎಎನ್ ಅಂತ ಬರದದ್ದು ಇದ್ರ ಅದು ಹೊರಗಿನ ಲೈನಿಗೆ, ಅದಕ್ಕ ಹಾಡಿನ ವಾಯರ್ ಹಚ್ಚಬಾರ್ದು. ಸರಿಯಾದ ತೂತಿಗೆ ಹಚ್ಚಿದ್ರ ಟಕ್ ಅಂತ ಸಪ್ಪಳ ಬರ್ತದ, ಸಣ್ಣ ದೀಪ ಹತ್ತಿ ಮಿಣಕ್ ಮಿಣಕ್ ಅಂತದ. ದೀಪ ಹತ್ತಿತು ಅಂದ್ರ ವಾಯರ್ ಛಲೋ ಅದ, ಡಬ್ಬಿ ಜೀವಂತ ಅದ, ಉಳದದ್ದು ವಿಳಾಸದ ತಕರಾರು. ದೀಪ ಹತ್ತಲಿಲ್ಲ ಅಂದ್ರ ವಾಯರ್ ಬದಲು ಮಾಡಿ ನೋಡ್ರಿ. ಯಾವ ಹುಡುಗನೂ ಬ್ಯಾಡ, ಯಾವ ಸರ್‌ನೂ ಬ್ಯಾಡ, ಎಣ್ಣಿ ದೀಪ ಹಚ್ಚೋ ಕೈಗೆ ಈ ದೀಪ ನೋಡ್ಲಿಕ್ಕೆ ಬರಂಗಿಲ್ಲೇನು?

ನಮ್ಮಲ್ಲಿ ದೀಪ ಹತ್ತಿತು, ಹಾಡು ಸಿಗಲಿಲ್ಲ. ಆಮ್ಯಾಲೆ ಮಾಡಿದ್ದು ಹಿಂಗ. ಹಳೇ ರೌಟರನ್ನ ಅಟ್ಟದಿಂದ ಇಳಿಸಿದೆ. ಅದಕ್ಕ ಇಂಟರ್ನೆಟ್ ಲೈನ್ ಇಲ್ಲ, ಬರೇ ಕರೆಂಟ್ ಹಚ್ಚಿದೆ. ಇದು ಭಾಳ ಮಂದಿಗೆ ತಿಳಿಯದ ಮಾತು: ರೌಟರಿಗೆ ಹೊರಗಿನ ಲೈನ್ ಇಲ್ಲದಿದ್ರೂ ಮನಿಯೊಳಗಿನ ಓಣಿ ಅದು ನಡಸ್ತದ. ಹಾಡಿನ ವಾಯರ್ ಹಳೇ ರೌಟರಿಗೆ ಸಿಗಿಸಿ, ನನ್ನ ಫೋನನ್ನ ಹಳೇ ವೈಫೈಗೆ ಹಚ್ಚಿ, ಬ್ರೌಸರಿನ್ಯಾಗ ಡಬ್ಬಿಯ ಹಳೇ ವಿಳಾಸ ಬರದು, ಮುಂದ ಎರಡು ಚುಕ್ಕಿ ಹಾಕಿ 9000 ಅಂತ ಹೊಡದೆ. ಅತ್ತಿಯವರ ಹೆಸರಿನ ಪೂರಾ ಪಟ್ಟಿ ಬಂತು. ಮಧ್ಯಾಹ್ನ ಮೂರು ತಾಸಿನ ಹೊತ್ತು, ಮನ್ಯಾಗ ಯಾರೂ ಗಂಡಸೂರು ಇರಲಿಲ್ಲ, ಬರದಿಟ್ಕೊಳ್ರಿ.

ಆ 9000 ಅಂದ್ರ ನಮ್ಮ ಡಬ್ಬಿಯೊಳಗಿನ ಹಾಡಿನ ಕಾರಭಾರಿಯ ಬಾಗಲಾ ನಂಬರ್. ಲಿರಿಯನ್ ಅಂತ ಅದರ ಹೆಸರು, ಮೊದಲು ಲಾಜಿಟೆಕ್ ಮೀಡಿಯಾ ಸರ್ವರ್ ಅಂತಿದ್ರು. ನಿಮ್ಮದು ಬ್ಯಾರೆ ಇದ್ರ ನಂಬರ್ ಬ್ಯಾರೆ ಇರ್ತದ. ಲಾಜಿಟೆಕ್ಕಿನವರು ಆ ಹಾಡಿನ ಸಾಮಾನು ಮಾಡೋದನ್ನ ಬಿಟ್ಟು ಭಾಳ ವರ್ಷ ಆತು, 2024ರಾಗ ಅದರ ಇಂಟರ್ನೆಟ್ ಸೇವಾನೂ ನಿಲ್ಲಿಸಿದ್ರು. ಆದ್ರೂ ಬಳಸೋ ಮಂದಿನs ಕೂಡಿ ಆ ಪ್ರೋಗ್ರಾಮನ್ನ ಹೊಸಾ ಹೆಸರಿಲೆ ನಡಸ್ಲಿಕ್ಕೆ ಹತ್ಯಾರ, ರೊಕ್ಕಾ ಇಲ್ಲದ. ಮನಿಯೊಳಗ ಇಟ್ಕೊಂಡದ್ದಕ್ಕ ಆಯುಷ್ಯ ಹೆಚ್ಚು ಅನ್ನೋದಕ್ಕ ಇದs ಸಾಕ್ಷಿ.

ಪಟ್ಟಿ ಕಂಡ ಮ್ಯಾಲೆ ಉಳದದ್ದು ಸುಲಭ. ಡಬ್ಬಿಯ ಸೆಟ್ಟಿಂಗಿನ್ಯಾಗ ಹೋಗಿ ವಿಳಾಸ ಗಟ್ಟಿ ಇದ್ದದ್ದನ್ನ ತಾನಾಗಿ ತಗೊಳ್ಳೋ ಹಂಗ ಮಾಡಿದೆ. ಇದಕ್ಕ ಡಿಎಚ್‌ಸಿಪಿ ಅಂತಾರ. ಉಳಿಸಿ, ವಾಯರ್ ತಗದು ಹೊಸಾ ರೌಟರಿಗೆ ಹಚ್ಚಿ, ಡಬ್ಬಿ ಬಂದ್ ಮಾಡಿ ಚಾಲೂ ಮಾಡಿದೆ. ಹೊಸಾ ರೌಟರಿನ ಪುಟದಾಗ ಯಾವ ಯಾವ ಸಾಮಾನು ಹಚ್ಚೇವಿ ಅನ್ನೋ ಪಟ್ಟಿ ಇರ್ತದ, ಅಲ್ಲಿ ಡಬ್ಬಿ ಕಂಡಿತು. ಡಬ್ಬಿಗೆ ಹುಟ್ಟಿದಾಗಿಂದ ಬಂದ ಒಂದು ಗುರುತು ಇರ್ತದ, ಮ್ಯಾಕ್ ಅಂತ, ಹನ್ನೆರಡು ಅಕ್ಷರ-ಅಂಕಿ ಕೂಡಿದ್ದು. ಎಷ್ಟು ರೌಟರ್ ಬದಲಾದ್ರೂ ಅದು ಬದಲಾಗಂಗಿಲ್ಲ, ಕೈಮ್ಯಾಲಿನ ಹಚ್ಚಿ ಇದ್ದಂಗ. ಈ ಗುರುತಿನವರು ಬಂದ್ರ ಇದs ಮನಿ ನಂಬರ್ ಕೊಡು ಅಂತ ಹೊಸಾ ರೌಟರಿಗೆ ಹೇಳಿಟ್ಟೆ. ಇನ್ನ ಮ್ಯಾಲೆ ವಿಳಾಸ ಕಾಯೋ ಜವಾಬ್ದಾರಿ ರೌಟರಿಂದು, ಡಬ್ಬೀದಲ್ಲ. ಅಡಗೀಮನಿ ಸ್ಪೀಕರಿನ ಸಾಮಾನು ತಾನs ಹುಡುಕ್ಕೊಂಡು ಬಂತು. ಫೋನಿನ ಆ್ಯಪಿಗೆ ಮಾತ್ರ ಹಳೇ ವಿಳಾಸದ ಚಟಾ ಹತ್ತಿತ್ತು, ಅದನ್ನ ಅಳಿಸಿ ಮತ್ತ ಹುಡುಕು ಅನ್ನಬೇಕಾತು.

ಇನ್ನೊಂದು ದಾರಿನೂ ಅದ, ಮತ್ತ ಅದು ಭಾಳ ಕಡೆ ಇದಕ್ಕಿಂತ ಹಗುರ. ಡಬ್ಬಿ ಮುಟ್ಟೂದs ಬ್ಯಾಡ, ಹೊಸಾ ರೌಟರಿನ ಓಣಿನ್ನs ಹಳೇ ಓಣಿ ಮಾಡಿಬಿಡೋದು. ರೌಟರಿನ ಪುಟದಾಗ ಲ್ಯಾನ್ ವಿಳಾಸ ಅಂತ ಇರೋ ಕಡೆ ಹೊಸದನ್ನ ತಗದು ಹಳೇ ರೌಟರಿಂದು, ಅಂದ್ರ 192.168.1.1, ಅಂತ ಬರದ್ರ ಸಾಕು. ಅದು ಒಮ್ಮೆ ಬಂದ್ ಆಗಿ ಚಾಲೂ ಆಗ್ತದ, ಎಲ್ಲಾ ಸಾಮಾನೂ ಹಳೇ ಓಣಿಗೆ ಬರ್ತಾವ, ಡಬ್ಬಿಗೆ ತನ್ನ ಊರು ಸಿಗ್ತದ. ಆದರ ಅದs 50ನೇ ನಂಬರನ್ನ ರೌಟರು ಯಾರದರ ಫೋನಿಗೆ ಹಂಚಬಾರ್ದು ನೋಡ್ರಿ, ಒಂದs ನಂಬರಿಗೆ ಇಬ್ಬರು ಆದ್ರ ಜಗಳ. ಹಂಚೋದನ್ನ 100ರ ಮ್ಯಾಲಿಂದ ಶುರು ಮಾಡು ಅಂತ ಅಲ್ಲೇ ಬರೀಲಿಕ್ಕೆ ಬರ್ತದ. ಕೆಲವು ಕಂಪನಿಯವರು ಈ ಪುಟಕ್ಕ ಕೀಲಿ ಹಾಕಿ, ಪಾಸ್‌ವರ್ಡ್ ನಮಗ ಕೊಡದs ಹೋಗ್ತಾರ. ನಮ್ಮ ಮನಿಯೊಳಗ, ನಾವು ತಿಂಗಳಾ ರೊಕ್ಕಾ ಕಟ್ಟೋ ಸಾಮಾನು, ಕೀಲಿಕೈ ಅವರ ಕಡೆ! ಇದನ್ನ ಕೇಳ್ರಿ, ಬಾಯಿ ಬಿಟ್ಟು ಕೇಳ್ರಿ. ಹುಡುಗ ಏಣಿ ಇಳಿಯೋಕಿಂತ ಮೊದಲು ಕೇಳ್ರಿ. ಇಳದ ಮ್ಯಾಲೆ ಅವಾ ಸಿಗಂಗಿಲ್ಲ.

ಈಗ ನಮ್ಮ ಕಡೆಗೂ ಒಂದು ಮಾತು ಹೇಳಬೇಕು, ಸಿಟ್ಟಾಗಬ್ಯಾಡ್ರಿ. "ನಮಗ ಅದೆಲ್ಲಾ ತಿಳಿಯಂಗಿಲ್ಲವಾ" ಅನ್ನೋದು ನಮ್ಮೊಳಗ ಒಂದು ಲಾಡಿನ ಮಾತು ಆಗೇದ. ಹನ್ನೆರಡು ಮೊಳದ ಸೀರಿ ನಿರಗಿ ಹಿಡೀತೀವಿ, ಏಕಾದಶಿ-ದ್ವಾದಶಿ ಪಂಚಾಂಗ ನೋಡಿ ಹೇಳ್ತೀವಿ, ಯಾರ ಮನ್ಯಾಗ ಯಾರಿಗೆ ಯಾವ ಸಂಬಂಧ ಅನ್ನೋದು ಐದು ತಲಿಮಾರಿನ ತನಕ ಬಾಯಾಗ ಇರ್ತದ. ನಾಲ್ಕು ಅಂಕಿ ಮೂರು ಚುಕ್ಕಿ ತಿಳಿಯಂಗಿಲ್ಲ ಅಂದ್ರ ಯಾರು ನಂಬ್ತಾರ? ಕಪಾಟಿನ ಕೀಲಿಕೈ ನಡುವಿಗೆ ಸಿಗಿಸ್ಕೊಂಡಾಕಿ ರೌಟರಿನ ಪಾಸ್‌ವರ್ಡ್ ಮಗನ ಕೈಯಾಗ ಯಾಕ ಬಿಡಬೇಕು? ಮಗಾ ಬೆಂಗಳೂರಾಗ ಇರ್ತಾನ, ಡಬ್ಬಿ ಇಲ್ಲೆ ಇರ್ತದ. ಐತವಾರ ಅವನಿಗೆ ವಿಡಿಯೋ ಕಾಲ್ ಹಚ್ಚಿ, ಫೋನ್ ತಿರುವಿ ತಿರುವಿ ತೋರಿಸಿ, "ಆ ವಾಯರ್ ಅಲ್ಲವಾ, ಅದರ ಪಕ್ಕದ್ದು" ಅನ್ನಸ್ಕೊಳ್ಳೋದು ಬೇಕೇನು?

ನಮ್ಮ ಅತ್ತಿಯವರ ಕಾಲದಾಗ ಹಿಂಗ ಇರಲಿಲ್ಲ. ಧಾರವಾಡ ಆಕಾಶವಾಣಿ 1950ರಾಗ ಶುರು ಆತು. ಆವಾಗ ರೇಡಿಯೋ ಇಟ್ಕೊಳ್ಳಿಕ್ಕೆ ಪೋಸ್ಟ್ ಆಫೀಸಿನ್ಯಾಗ ಲೈಸೆನ್ಸ್ ಕಟ್ಟಬೇಕಿತ್ತು. ಲೈಸೆನ್ಸ್ ಮಾವನವರ ಹೆಸರಿಲೆ, ಗುಂಡಿ ತಿರುವೋರು ಅತ್ತಿಯವರು. ಸ್ಟೇಶನ್ ಎಲ್ಲಿ ಹಿಡೀತದ, ಏರಿಯಲ್ ವಾಯರ್ ಯಾವ ಕಿಡಕಿಗೆ ಕಟ್ಟಿದ್ರ ಖರಖರ ಕಡಿಮಿ ಆಗ್ತದ, ಎಲ್ಲಾ ಅವರಿಗೆ ಗೊತ್ತಿತ್ತು. ಏರಿಯಲ್ ವಾಯರ್ ಪಡಸಾಲಿ ತುಂಬ ಜೋತಾಡ್ತಿತ್ತು, ಯಾರೂ ಅದನ್ನ ಅಸಹ್ಯ ಅನ್ನಲಿಲ್ಲ. ಈಗ ಒಂದು ಬಿಳೇ ಲ್ಯಾನ್ ವಾಯರ್ ಗ್ವಾಡಿ ಬದೀಲೆ ಹೋದ್ರ "ಛಂದ ಕಾಣಸವಲ್ಲದು, ವೈಫೈ ಮಾಡಸ್ರಿ" ಅಂತಾರ.

ವೈಫೈ ಬ್ಯಾಡ ಅಂತಲ್ಲ. ಫೋನಿಗೆ ಅದs ಬೇಕು. ಆದರ ನಮ್ಮಂಥಾ ಹಳೇ ಮನಿ ದಪ್ಪ ಮಣ್ಣಿನ ಗ್ವಾಡಿ ದಾಟಿ ಅಡಗೀಮನಿ ಮುಟ್ಟೋದ್ರಾಗ ಅದಕ್ಕ ಏದುಸಿರು ಬಂದಿರ್ತದ. ಬೇಗ ಓಡೋ ಐದು ಗಿಗಾಹರ್ಟ್ಸಿನ ವೈಫೈ ಅಂತೂ ಗ್ವಾಡಿ ಕಂಡ್ರ ಇನ್ನೂ ಬೇಗ ದಣೀತದ. ವಾಯರಿಗೆ ಗ್ವಾಡಿ ಲೆಕ್ಕಕ್ಕಿಲ್ಲ, ಒಂದs ತುಂಡು 100 ಮೀಟರ್ ತನಕ ನಡೀತದ. ವಾಯರು ಪಾಸ್‌ವರ್ಡ್ ಕೇಳಂಗಿಲ್ಲ. ರೌಟರ್ ಬದಲಾಗಿ ವೈಫೈ ಹೆಸರು ಬದಲಾದ್ರ ಮನ್ಯಾಗಿನ ಎಲ್ಲಾ ಸಾಮಾನಿಗೂ ಮತ್ತ ಹೆಸರು-ಪಾಸ್‌ವರ್ಡ್ ಕಲಸಬೇಕಾಗ್ತದ, ವಾಯರಿನ ಸಾಮಾನಿಗೆ ಕಲಸೋದು ಏನೂ ಇಲ್ಲ. ವೇಗದ ಮಾತು ಬಂದ್ರ, ಸೀಡಿಯೊಳಗಿನ ಹಾಡು ಏನೂ ಕತ್ತರಿಸದs ಹರೀಲಿಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಹಳೇ ಕಾಲದ ನಿಧಾನದ ಲ್ಯಾನ್ ತೂತು ಸಹಿತ 100 ಮೆಗಾಬಿಟ್ ಒಯ್ತದ, ಹತ್ತಿರ ಹತ್ತಿರ 70 ಪಟ್ಟು. ಅತ್ತಿಯವರ ಭಜನಾ ಮಂಡಳಿಗೆ ಅದು ಸಾಕಾಗಿ ಮಿಕ್ಕೇದ.

ಮತ್ತೊಂದು ಮಾತು, ಮಳಿಗಾಲದಾಗ ಉಪಯೋಗಕ್ಕ ಬರ್ತದ. ಹೊರಗ ಫೈಬರ್ ಕಡದು ಇಂಟರ್ನೆಟ್ ಎರಡು ದಿವಸ ಬರದಿದ್ರೂ ಕರೆಂಟ್ ಒಂದಿದ್ರ ಹಾಡಿನ ಡಬ್ಬಿ ಹಾಡ್ತದ. ಅದಕ್ಕ ಹೊರಗಿನ ಲೈನಿನ ಹಂಗಿಲ್ಲ. ತಿಂಗಳಾ ತಿಂಗಳಾ ರೊಕ್ಕಾ ಕಟ್ಟೋ ಆ್ಯಪು ಆ ಹೊತ್ತಿಗೆ ಗೋಲ ಗೋಲ ತಿರಗ್ತಿರ್ತದ.

ನಮ್ಮ ತಂಗಿ ಮಗಳು ಇದನ್ನೆಲ್ಲಾ ಓದಿ ಖಂಡಿತಾ ಹೇಳ್ತಾಳ, "ಮಾಂವಶಿ, ಇಷ್ಟು ತ್ರಾಸ ಯಾಕ? ಎಲ್ಲಾ ಕ್ಲೌಡಿನ್ಯಾಗ ಏರಿಸಿ ಬಿಡು, ಯಾವ ರೌಟರ್ ಬಂದ್ರೂ ಚಿಂತಿ ಇಲ್ಲ" ಅಂತ. ಆಕಿ ಮಾತಿನ್ಯಾಗ ಅರ್ಧ ಖರೆ ಅದ, ಒಪ್ಕೋತೀನಿ. ಡಿಸ್ಕ್ ಅಂದ್ರ ಒಂದಿಲ್ಲ ಒಂದು ದಿವಸ ಸಾಯೋ ಸಾಮಾನು. ಒಂದs ಪ್ರತಿ ಇಟ್ಕೊಂಡು ಕೂಡೋದು ಒಂದs ಮಡಿಕ್ಯಾಗ ವರ್ಷದ ಉಪ್ಪಿನಕಾಯಿ ಹಾಕಿಧಂಗ. ಇನ್ನೊಂದು ಡಿಸ್ಕಿನ್ಯಾಗ ಒಂದು ಪ್ರತಿ ಮಾಡಿ ಅಕ್ಕನ ಮನ್ಯಾಗ ಇಟ್ಟೀನಿ, ಮೂರನೇದ್ದು ಆಕಿ ಹೇಳಿಧಂಗ ಮ್ಯಾಲೆನೂ ಏರಸ್ತೀನಿ. ಆದರ ಅದs ಒಂದು ಅಂತ ಬಿಡಂಗಿಲ್ಲ. ಅಲ್ಲಿ ಬಾಡಿಗಿ ಕಟ್ಟೋದು ನಿಂತ ದಿವಸ ಏನಾಗ್ತದ? ಖಾತೆ ಪಾಸ್‌ವರ್ಡ್ ಗೊತ್ತಿದ್ದಾಕಿ ಹೋದ ದಿವಸ? ಡಬ್ಬಿ ಕಣ್ಣಿಗೆ ಕಾಣಸ್ತದ. ಇದೇನು ಅಂತ ಮೊಮ್ಮಕ್ಕಳು ಕೇಳ್ತಾರ. ಆಕಾಶದಾಗ ಇಟ್ಟದ್ದನ್ನ ಯಾರು ಕೇಳ್ತಾರ?

ಹೆಸರಿನ ಮಾತು ಬಂದದ್ದಕ್ಕ ಒಂದು ಅಡ್ಡಮಾತು. ಗಂಗೂಬಾಯಿಯವರ ಮೊದಮೊದಲಿನ ರೆಕಾರ್ಡಿನ ಮ್ಯಾಲೆ, 1930ರ ದಶಕದಾಗ, ಅವರ ಹೆಸರು ‘ಗಾಂಧಾರಿ’ ಅಂತ ಅಚ್ಚಾಗಿತ್ತು. ಡಬ್ಬಿಯೊಳಗ ಗಂಗೂಬಾಯಿ ಅಂತ ಹುಡುಕಿದ್ರ ಆ ಹಾಡು ಸಿಗೂದಿಲ್ಲ, ನೀವs ಹೆಸರು ಸೇರಿಸಿ ಬರೀಬೇಕು. ನಮ್ಮ ಅತ್ತಿಯವರ ಕ್ಯಾಸೆಟ್ಟಿನ ಮ್ಯಾಲೆ ಮಾವನವರ ಅಕ್ಷರದಾಗ ‘ಹೆಂಗಸರ ಹಾಡು – 14’ ಅಂತ ಇತ್ತು. ಒಬ್ಬರದೂ ಹೆಸರಿಲ್ಲ. ನಾನು ಉಳದಿರೋ ಇಬ್ಬರನ್ನ ಕೂಡಿಸ್ಕೊಂಡು, ದನಿ ಕೇಳಿಸಿ ಕೇಳಿಸಿ, ಯಾರು ಯಾರು ಅನ್ನೋದು ಹಾಡಿಗೊಂದರಂತೆ ಬರಸ್ಲಿಕ್ಕೆ ಹತ್ತೀನಿ. ಡಬ್ಬಿ ಓಣ್ಯಾಗಿಂದ ಕಾಣೆ ಆಗಿದ್ರ ಈ ಕೆಲಸ ಎಲ್ಲಿ ಆಗ್ತಿತ್ತು?

ಹಂಗಾಗಿ ರೌಟರ್ ಬದಲಿ ಮಾಡಸೋ ಎಲ್ಲಾರಿಗೂ ನನ್ನ ಹಟ ಇಷ್ಟ. ಹಳೇದನ್ನ ಬಿಚ್ಚೋಕಿಂತ ಮೊದಲು ಅದರ ಬೆನ್ನಿನ ಫೋಟೋ ತಗೀರಿ, ಯಾವ ವಾಯರ್ ಯಾವ ತೂತಿಗೆ ಅನ್ನೋದು ಕಾಣೋ ಹಂಗ. ಫೋನಿನ ವೈಫೈ ಹೆಸರು ಒತ್ತಿದ್ರ ಕೆಳಗ ಐಪಿ ವಿಳಾಸ, ಗೇಟ್‌ವೇ ಅಂತ ಅಂಕಿ ಬರ್ತಾವ, ಅದನ್ನ ರೇಶನ್ ಕಾರ್ಡಿನ ಜೊತಿ ಇಡೋ ಡೈರಿಯೊಳಗ ಬರದಿಟ್ಕೊಳ್ರಿ. ಡಬ್ಬಿಯ ವಿಳಾಸನೂ ಅಲ್ಲೇ. ಹೊಸಾ ರೌಟರಿನ ವೈಫೈಗೆ ಹಳೇ ಹೆಸರು, ಹಳೇ ಪಾಸ್‌ವರ್ಡ್ ಕೊಡ್ಲಿಕ್ಕೆ ಹುಡುಗನಿಗೆ ಹೇಳ್ರಿ, ಎಲ್ಲಾ ಫೋನು ತಾವs ಹತ್ತಕೋತಾವ. ಅತಿಥಿಗಳ ವೈಫೈ ಅಂತ ಬ್ಯಾರೆ ಮಾಡಿದ್ರ ನಿಮ್ಮ ಫೋನು ಅದರಾಗ ಇರಬಾರ್ದು, ಅಲ್ಲಿಂದ ಡಬ್ಬಿ ಸಾಮಾನ್ಯವಾಗಿ ಕಾಣಂಗಿಲ್ಲ. ತೂತು ಕಡಿಮಿ ಬಿದ್ರ ಐದು ತೂತಿನ ಸ್ವಿಚ್ಚು ಸಾವಿರ ರೂಪಾಯಿ ಒಳಗ ಸಿಗ್ತದ. ಹಳೇ ರೌಟರ್ ನಿಮ್ಮದs ಇದ್ರ ಹದಿನೈದು ದಿವಸ ಮೋಡಕಾಕ್ಕ ಕೊಡಬ್ಯಾಡ್ರಿ; ಕಂಪನಿಯದು ಇದ್ರ, ಹಾಡು ಕೇಳಿಸೋ ತನಕ ವಾಪಸ್ ಕೊಡಬ್ಯಾಡ್ರಿ, "ಇನ್ನೂ ಕೆಲಸ ಮುಗದಿಲ್ಲ" ಅನ್ರಿ. ಮತ್ತ ಗಂಡಸೂರು ಅದಾರೇನ್ರಿ ಅಂದ್ರ, "ಅದಾರಪಾ, ಚಹಾ ಮಾಡ್ಲಿಕ್ಕೆ ಹತ್ಯಾರ, ನೀ ನನಗ ಹೇಳು" ಅನ್ರಿ.

ಮೂರನೇ ಕ್ರಾಸಿನ ವೈನಿಯವರ ಮನಿಗೆ ಬರೋ ಗುರುವಾರ ಹೊಸಾ ಲೈನ್ ಬರೋದದ ಅಂತ ಕೇಳೀನಿ. ವೈನಿ, ನಿಮ್ಮ ಡಬ್ಬಿಯೊಳಗ ನಿಮ್ಮ ಅವ್ವನ ತೊಟ್ಟಿಲ ಹಾಡು ಅದ, ನನಗ ಗೊತ್ತು, ಹೋದ ನಾಗರ ಪಂಚಮಿಗೆ ಕೇಳಿಸಿದ್ರಿ. ಬುಧವಾರ ಸಂಜಿಮುಂದ ಆ ಹಳೇ ರೌಟರಿನ ಫೋಟೋ ನನಗ ಕಳಸ್ರಿ. ಗುರುವಾರ ನಾ ಮುಂಝಾನೆ ಹತ್ತಕ್ಕs ಬಂದು ಕೂಡ್ತೀನಿ, ಹುಡುಗ ಬರೋದ್ರೊಳಗ ಇಬ್ಬರೂ ಕೂಡಿ ಸಂಡಗಿ ಹಿಟ್ಟು ಮುಗಸೋಣು.